ಗಿಟಾರ್ ಕೊಳ್ಳುವ ಮುನ್ನ ಮರಕ್ಕೆ ಕಿವಿಗೊಡಿ

ಹತ್ತನೇ ತರಗತಿ ಪಾಸಾದರೆ ಗಿಟಾರ್ ಕೊಡಿಸುತ್ತೇವೆಂದು ಮಗಳಿಗೆ ಮಾತು ಕೊಟ್ಟ ತಂದೆ ತಾಯಿಗೆ, ಫಲಿತಾಂಶ ಬಂದ ಮೇಲೆ ತಮ್ಮದೇ ಒಂದು ಪರೀಕ್ಷೆ ಶುರುವಾಗುತ್ತದೆ. ತುಮಕೂರಿನ ಅಂಗಡಿಯಾಗಲಿ, 70 ಕಿ.ಮೀ. ದೂರದ ಬೆಂಗಳೂರಿನದಾಗಲಿ, ಗೋಡೆಗೆ ನೇತುಹಾಕಿದ ಗಿಟಾರ್‌ಗಳೆಲ್ಲ ನೋಡಲು ಒಂದೇ. ಬೆಲೆ ಮಾತ್ರ ಬೇರೆ ಬೇರೆ. ಬಣ್ಣ ನೋಡಿ ಒಂದನ್ನು ತರುತ್ತಾರೆ. ಎರಡು ತಿಂಗಳಲ್ಲಿ ಬೆರಳ ತುದಿ ನೊಂದು, ಶ್ರುತಿ ನಿಲ್ಲದೆ, ಅದು ಬೀರುವಿನ ಮೇಲೇರುತ್ತದೆ. ‘ನನಗೆ ಸಂಗೀತ ಒಲಿಯಲಿಲ್ಲ’ ಎಂದು ಹುಡುಗಿ ಅಂದುಕೊಳ್ಳುತ್ತಾಳೆ. ಎಷ್ಟೋ ಸಲ ತಪ್ಪು ಅವಳದಲ್ಲ, ವಾದ್ಯದ್ದು.

ಪರದೇಶದ ವಾದ್ಯವನ್ನು ಮನೆತುಂಬಿಸಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. 1917ರಲ್ಲಿ ಗುಬ್ಬಿ ವೀರಣ್ಣನವರು ಅದರ ಒಡೆಯರಾದರು. ಕಂಪನಿ ನಾಟಕದ ಜೀವಾಳವಾದ ಹಾರ್ಮೋನಿಯಂ ನಮ್ಮ ನೆಲದ್ದಲ್ಲ. ಅದು 1840ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೇನ್ ಎಂಬಾತ ರೂಪಿಸಿದ ಪೆಟ್ಟಿಗೆ. ಅದನ್ನು ನೆಲದ ಮೇಲೆ ಕುಳಿತು ನುಡಿಸುವಂತೆ 1875ರ ಸುಮಾರಿಗೆ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟರು ತಾವೇ ಹಾಡಬೇಕಿತ್ತು. ಅವರ ಕಂಠಕ್ಕೆ ಆಸರೆಯಾಗಿ ಕೊನೆಯ ಸಾಲಿನವರೆಗೂ ಕೇಳಿಸುವ ಗಟ್ಟಿ ಶ್ರುತಿ ಬೇಕಿತ್ತು. ಆ ಕೆಲಸ ಮಾಡಿದ್ದರಿಂದಲೇ ಪೆಟ್ಟಿಗೆ ನಮ್ಮದಾಯಿತು. ವಾದ್ಯ ಕೊಳ್ಳುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೂ ಇದೇ: ಇದರಿಂದ ನನಗೆ ಆಗಬೇಕಾದ ಕೆಲಸವೇನು?

ಗಿಟಾರಿನಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಹತ್ತೊಂಬತ್ತನೇ ಶತಮಾನದ ಸ್ಪೇನ್‌ನಲ್ಲಿ ಅಂತೋನಿಯೋ ದೆ ತೊರೆಸ್ ಎಂಬ ಬಡಗಿ ಹದಗೊಳಿಸಿದ್ದು ಕ್ಲಾಸಿಕಲ್ ಗಿಟಾರ್. ಇದಕ್ಕೆ ಮೊದಲು ಪ್ರಾಣಿಯ ಕರುಳಿನ ತಂತಿಗಳಿದ್ದವು. ಎರಡನೇ ಮಹಾಯುದ್ಧದ ನಂತರ ನೈಲಾನ್ ಬಂತು. ಅಮೆರಿಕದಲ್ಲಿ ಬೆಳೆದ ಇನ್ನೊಂದು ಕುಲಕ್ಕೆ ಉಕ್ಕಿನ ತಂತಿ. ಹಾಡಿನ ಜೊತೆ ಕೈ ಬೀಸಿ ನುಡಿಸಲು ಉಕ್ಕು ಚೆನ್ನ. ಬೆರಳಿಂದ ಮೀಟಿ ಮೆಲುದನಿ ಬಯಸುವವರಿಗೆ, ಎಳೆಯ ಬೆರಳಿನ ಮಕ್ಕಳಿಗೆ ನೈಲಾನ್ ಚೆನ್ನ. ಹತ್ತು ವರ್ಷದೊಳಗಿನವರಿಗೆ ಮುಕ್ಕಾಲು ಅಳತೆಯದೂ ದೊರೆಯುತ್ತದೆ. ಒಂದು ಎಚ್ಚರಿಕೆ: ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬಾರದು. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಉಕ್ಕಿನದು 70 ಕಿಲೋ ಆಸುಪಾಸು. ಆ ಭಾರಕ್ಕೆ ಮೇಲ್ಹಲಗೆ ಉಬ್ಬಿ ಕಿತ್ತುಬರುತ್ತದೆ.

ನಾದ ಹುಟ್ಟುವುದು ಈ ಮೇಲ್ಹಲಗೆಯಲ್ಲಿಯೇ. ಇದನ್ನು ತೋರಿಸಿಕೊಡಲು ತೊರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದ. ಅದರ ಬೆನ್ನು, ಪಕ್ಕೆಗಳೆಲ್ಲ ಬರಿಯ ಕಾಗದದ ರಟ್ಟು. ಮೇಲ್ಹಲಗೆ ಮಾತ್ರ ಮರ. ಆದರೂ ಅದು ನುಡಿಯಿತು. ಹಲಸಿನ ಸಂತೆಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯವರಿಗೆ ಮರದ ಮಹಿಮೆ ಹೇಳಬೇಕಿಲ್ಲ. ವೀಣೆಯ ಕೊಡಕ್ಕೂ ಮೃದಂಗದ ಒಡಲಿಗೂ ಹಲಸೇ ಆಗಬೇಕೆನ್ನುತ್ತಾರೆ. ಗಿಟಾರಿನ ಮೇಲ್ಹಲಗೆಗೆ ಚಳಿನಾಡಿನ ಸ್ಪ್ರೂಸ್ ಅಥವಾ ಸೀಡರ್ ಮರ ಬಳಸುತ್ತಾರೆ. ಅಗ್ಗದ ಗಿಟಾರ್‌ಗಳಲ್ಲಿ ಅದರ ಜಾಗದಲ್ಲಿ ಪ್ಲೈವುಡ್ ಇರುತ್ತದೆ. ನಡುವಿನ ದುಂಡು ರಂಧ್ರದ ಅಂಚನ್ನು ನೋಡಿ. ಮೇಲಿನ ಮರದ ಎಳೆಗಳು ಅಂಚಿನ ದಪ್ಪದಲ್ಲೂ ನೇರ ಇಳಿದಿದ್ದರೆ ಅದು ಇಡಿಯ ಮರ. ಪದರ ಪದರವಾಗಿದ್ದರೆ ಪ್ಲೈವುಡ್. ಇಡಿಯ ಮರದ ನಾದ ವರ್ಷಗಳುರುಳಿದಂತೆ ಮಾಗುತ್ತದೆ ಎಂಬುದು ನುಡಿಸುವವರ ಅನುಭವ. ಆದರೆ ಪ್ಲೈವುಡ್ಡೆಂದು ಮೂಗುಮುರಿಯಬೇಕಿಲ್ಲ. ಅದು ಹವೆಯ ಏರುಪೇರನ್ನು ತಾಳಿಕೊಳ್ಳುತ್ತದೆ, ಕಲಿಕೆಗೆ ಸಾಕಾಗುತ್ತದೆ.

ಹುಡುಗಿಯ ಕೈಲಿ ಗಿಟಾರನ್ನು ಕೆಳಗಿಡಿಸುವುದು ಸಾಮಾನ್ಯವಾಗಿ ಮರವಲ್ಲ, ತಂತಿಯ ಎತ್ತರ. ಮೇಲ್ಹಲಗೆಯ ಮೇಲೆ ತಂತಿ ಕೂರುವ ಭಾಗಕ್ಕೆ ನಮ್ಮ ವೀಣೆಯವರು ಕುದುರೆ ಎನ್ನುತ್ತಾರೆ. ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನವರಿಗೆ ಕುದುರೆಯನ್ನು ಬಾಯಿ, ಕಾಲು ನೋಡದೆ ಕೊಳ್ಳಬಾರದೆಂದು ಗೊತ್ತು. ಈ ಕುದುರೆಗೂ ಅದೇ ನ್ಯಾಯ. ಅದು ಎತ್ತರವಾದರೆ ತಂತಿ ಒತ್ತಲು ಬಲ ಬೇಕು, ಬೆರಳು ನೋಯುತ್ತದೆ. ತೀರಾ ತಗ್ಗಾದರೆ ತಂತಿ ಜಿರ್ರೆನ್ನುತ್ತದೆ. ಜಾಮಿಟ್ರಿ ಬಾಕ್ಸಿನ ಸ್ಕೇಲು ಒಯ್ಯಿರಿ. ಹನ್ನೆರಡನೇ ಮೆಟ್ಟಿಲ ಮೇಲೆ ಉಕ್ಕಿನ ತಂತಿ ಎರಡು, ಎರಡೂವರೆ ಮಿ.ಮೀ. ಎತ್ತರದಲ್ಲಿದ್ದರೆ ಸರಿ, ನೈಲಾನಿಗೆ ಮೂರು, ನಾಲ್ಕು. ಸ್ವಲ್ಪ ಹೆಚ್ಚಿದ್ದರೆ ಅಂಗಡಿಯವರಿಂದಲೇ ಸರಿಪಡಿಸಿಕೊಳ್ಳಿ. ಬಂದೂಕಿಗೆ ಗುರಿಯಿಡುವಂತೆ ಕತ್ತಿನುದ್ದಕ್ಕೂ ಕಣ್ಣು ಹಾಯಿಸಿ. ಅದು ಸೊಟ್ಟಗೆ ತಿರುಚಿಕೊಂಡಿದ್ದರೆ ಬೇಡ. ಕತ್ತಿನ ಅಂಚಿನಲ್ಲಿ ಬೆರಳಾಡಿಸಿದರೆ ಮೆಟ್ಟಿಲುಗಳ ತುದಿ ಚುಚ್ಚಬಾರದು.

ಕೊನೆಗೆ ಕಿವಿಯ ಪರೀಕ್ಷೆ. ಶ್ರುತಿ ಮಾಡಿಸಿದ ಮೇಲೆ ಹನ್ನೆರಡನೇ ಮೆಟ್ಟಿಲ ನೇರಕ್ಕೆ ತಂತಿಯನ್ನು ಒತ್ತದೆ, ಹಗುರಾಗಿ ಮುಟ್ಟಿ ಮೀಟಿ. ಗಂಟೆಯಂಥ ಸ್ವರ ಬರುತ್ತದೆ. ಅಲ್ಲೇ ಒತ್ತಿ ಮತ್ತೆ ಮೀಟಿ. ಎರಡೂ ಸ್ವರ ಒಂದೇ ಆಗಿರಬೇಕು. ಬೇರೆಯಾದರೆ ಆ ಗಿಟಾರ್ ಮೇಲಿನ ಮೆಟ್ಟಿಲುಗಳಲ್ಲಿ ಎಂದೂ ಶ್ರುತಿ ಸೇರುವುದಿಲ್ಲ. ನುಡಿಸಬಲ್ಲ ಪರಿಚಿತರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಅವರಿಂದ ನಿಮಗೆ ಗೊತ್ತಿರುವ ಹಾಡನ್ನೇ, ಕುಣಿಗಲ್ ಕೆರೆಯ ಜನಪದ ಹಾಡನ್ನಾದರೂ, ಮೂರ್ನಾಲ್ಕು ಗಿಟಾರ್‌ಗಳಲ್ಲಿ ನುಡಿಸಿ ಕೇಳಿ. ಬೆಲೆಚೀಟಿ ನೋಡದೆ ಕಣ್ಣುಮುಚ್ಚಿ ಕೇಳಿದರೆ ಇನ್ನೂ ಒಳ್ಳೆಯದು.

ಗಿಟಾರಿನಲ್ಲಿ ನಮ್ಮ ಸಂಗೀತ ಬರುವುದೇ ಎಂದು ಮನೆಯ ಹಿರಿಯರು ಕೇಳಬಹುದು. ಗಮಕ ನುಡಿಯದೆಂದು 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರು. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟೂ ವರ್ಷ ಕಂಪನಿ ನಾಟಕಗಳು ಪೆಟ್ಟಿಗೆಯನ್ನು ಬಿಡಲಿಲ್ಲ. ಗಿಟಾರಿಗಾದರೋ ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ಬಾಗಿಸುವ ಅನುಕೂಲವಿದೆ. ಅದನ್ನು ಮಾರ್ಪಡಿಸಿ ರಾಗ ನುಡಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದೇ ಹೊಸ ತಲೆಮಾರಿಗೆ ಮುಟ್ಟಿಸಿದರು.

ಮನೆಗೆ ತಂದ ಮೇಲೆ ಬೇಸಿಗೆಯ ಬಿಸಿಲಿನ ಕಾರಿನಲ್ಲಿ ಗಿಟಾರನ್ನು ಬಿಡಬೇಡಿ. ಅಂಟು ಸಡಿಲಿ ಕುದುರೆ ಕೀಳುತ್ತದೆ. ಒಣಹವೆಗೆ ಮರ ಕುಗ್ಗುವುದರಿಂದ ಚೀಲದೊಳಗಿಡುವುದು ಕ್ಷೇಮ. ಆದರೆ ಚೀಲದೊಳಗೇ ವರ್ಷಗಟ್ಟಲೆ ಉಳಿಯದಂತೆ ನೋಡಿಕೊಳ್ಳುವ ಕೆಲಸ ಅಂಗಡಿಯಲ್ಲಿಯೇ ಮುಗಿಯಬೇಕು. ಹಣ ಎಣಿಸುವ ಮುನ್ನ ಗಿಟಾರನ್ನು ಮಗಳ ಕೈಗೆ ಕೊಟ್ಟು ಕಾಲು ಗಂಟೆ ಸುಮ್ಮನೆ ಕೂರಿಸಿ. ತಂತಿ ಒತ್ತಿದ ಬೆರಳನ್ನು ಅವಳು ಮತ್ತೆ ಮತ್ತೆ ಒದರಿಕೊಳ್ಳುತ್ತಿದ್ದರೆ, ಗೋಡೆಯ ಮೇಲಿನ ಇನ್ನೊಂದನ್ನು ಇಳಿಸಲು ಹೇಳಿ.