ಕಲಾಯಿ ಪಾತ್ರೆಯೂ ಕಾರ್ಖಾನೆಯ ತಿದಿಯೂ

ನಿಮ್ಮಲ್ಲಿ ಹಲವರು ಎಂಜಿನಿಯರಿಂಗ್ ಓದುತ್ತಿದ್ದೀರಿ. ಕೆಲವರು ಆಗಲೇ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಿಗೆ ಹೋಗುತ್ತಿದ್ದೀರಿ. ಇಂಗ್ಲಿಷ್ ಬಿ.ಎ. ಮಾಡಿ ಅಡಿಗೆಮನೆ ಸೇರಿದ ನಾನು ನಿಮಗೆ ಲೋಹದ ವಿಷಯ ಹೇಳಲು ಹೊರಟೆನೆಂದು ನಗಬೇಡಿ.

ಒಂದು ರಾತ್ರಿ ನನ್ನ ಮಗ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ. ಅವನ ಕಾರ್ಖಾನೆಯಲ್ಲಿ ನೀರು ಬೆರೆತ ಬಿಸಿ ಗಂಧಕಾಮ್ಲ ಹರಿಯುವ ಕೊಳವೆಯ 'ಬೆಲ್ಲೋಸ್' ಎರಡನೆಯ ಸಲ ತೂತಾಗಿತ್ತು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ, ದೇವರು ದೊಡ್ಡವನು. ಬೆಲ್ಲೋಸ್ ಎಂದರೆ ನಮ್ಮ ತಿದಿ. ಹಾರ್ಮೋನಿಯಂ ಹಿಂದೆ ಮಡಿಕೆ ಮಡಿಕೆಯಾಗಿ ತೆರೆದು ಮುಚ್ಚುತ್ತದಲ್ಲ, ಅದೇ. ಕೊಳವೆ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ಪಂಪು ಸದಾ ಅದುರುತ್ತದೆ. ಈ ಎಳೆದಾಟವನ್ನೆಲ್ಲ ತಾಳಿಕೊಳ್ಳಲು ನಡುವೆ ತೆಳು ಸ್ಟೀಲಿನ ತಿದಿ ಕೂರಿಸಿದ್ದರು. "ಒಳಗೆ ಏನಾದರೂ ಲೇಪನ ಹಾಕಿಸು ಅಂತಾರಮ್ಮ ಮೇಲಿನವರು" ಎಂದ.

ನನಗೆ ನೆನಪಾದದ್ದು ಅತ್ತೆಯವರ ಹಿತ್ತಾಳೆ ಪಾತ್ರೆ. ಅದರಲ್ಲಿ ಹುಣಸೆಹುಳಿ ಕುದಿಸಿದರೆ ತಾಮ್ರ ಕರಗಿ ಸಾರು ಕಿಲುಬುತ್ತದೆ. ತಿಂದವರಿಗೆ ವಾಂತಿಯೇ ಗತಿ. ಅದಕ್ಕೇ ಕಲಾಯಿ. ಕಲಾಯಿಯವನು ಪಾತ್ರೆ ಕಾಯಿಸಿ ನವಸಾಗರ ಉದುರಿಸುತ್ತಿದ್ದ. ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಆ ನವಸಾಗರವೇ ಲೋಹದ ಮೇಲಿನ ಕಿಟ್ಟವನ್ನು ತಿಂದು ಮೈ ಶುದ್ಧಮಾಡುವುದು. ಮೈ ಶುದ್ಧವಿಲ್ಲದಿದ್ದರೆ ಯಾವ ಲೇಪನವೂ ಹಿಡಿಯದು. ಆಮೇಲೆ ತವರ ಸೋಕಿಸಿ ಹತ್ತಿಯಿಂದ ಒಂದೇ ಸುತ್ತು ಒರೆಸಿದರೆ ಪಾತ್ರೆ ಬೆಳ್ಳಿಯಂತೆ! ತವರ ಮೆತ್ತಗಿನ ಲೋಹ. ಪಾತ್ರೆ ನೆಗ್ಗಿದರೂ ಅದು ಜೊತೆಯಲ್ಲೇ ಬಾಗುತ್ತದೆ, ಸುಲಭಕ್ಕೆ ಬಿರಿಯುವುದಿಲ್ಲ. ಆದರೆ 232 ಡಿಗ್ರಿಗೆ ಕರಗಿಬಿಡುತ್ತದೆ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬೇಡಿ ಎಂದು ಅಜ್ಜಿಯರು ಗದರಿಸುತ್ತಿದ್ದುದು ಇದಕ್ಕೇ.

ಹುಣಸೆಹುಳಿಗೆ ತಡೆಯುವ ತವರ ಬಿಸಿ ಗಂಧಕಾಮ್ಲಕ್ಕೆ ತಡೆಯದು. ಗಾಜು ತಡೆಯುತ್ತದೆ. ಉಕ್ಕಿನ ಒಳಮೈಗೆ ಸುಮಾರು 800 ಡಿಗ್ರಿಯಲ್ಲಿ ಗಾಜು ಕರಗಿಸಿ ಹಿಡಿಸಿದ ದೊಡ್ಡ ಪಾತ್ರೆಗಳು ಔಷಧದ ಕಾರ್ಖಾನೆಗಳಲ್ಲಿ ಇಂದಿಗೂ ಇವೆ. ಆದರೆ ನೀಲಿ ಅಂಚಿನ ಎನಾಮಲ್ ತಟ್ಟೆ ಕೈಜಾರಿ ಬಿದ್ದರೆ ಏನಾಗುತ್ತಿತ್ತು? ಚೂರೆದ್ದು ಕಪ್ಪು ಕಲೆ, ಮರುವಾರ ತುಕ್ಕು. ಬಾಗದ ಗಾಜನ್ನು ದಿನವಿಡೀ ಬಾಗುವ ತಿದಿಗೆ ಹಚ್ಚುವುದು ಹೇಗೆ?

ಬಾಗುವ ಲೋಹದ ಕಷ್ಟವೇ ಬೇರೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದೆ. ಆಮ್ಲದೊಳಗೆ ಬಗ್ಗಿಸಿದರೆ ಇನ್ನೂ ಬೇಗ. ಬಾಗಿದಾಗ ಕೂದಲೆಳೆಯ ಬಿರುಕು ಬಾಯ್ಬಿಡುತ್ತದೆ, ಆಮ್ಲ ಒಳಹೊಕ್ಕು ಅದನ್ನು ಇನ್ನಷ್ಟು ಆಳ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತನ್ನದೇ ಕ್ರೋಮಿಯಂ ಆಕ್ಸೈಡಿನ ಪೊರೆಯುಂಟು. ಗಾಳಿಯಲ್ಲಿ ಗೀರಿದರೆ ತಾನೇ ಮಾಯುತ್ತದೆ. ಬಿಸಿ ಗಂಧಕಾಮ್ಲದಲ್ಲಿ ಆ ಪೊರೆಯೇ ನಿಲ್ಲುವುದಿಲ್ಲ. ಇನ್ನು ತೆಳು ಲೇಪನದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೆ ಆಮ್ಲದ ಕೋಪವೆಲ್ಲ ಅಲ್ಲೇ ಇಳಿಯುತ್ತದೆ.

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್ ಹೆಚ್ಚುಕಡಿಮೆ ಎಲ್ಲ ಆಮ್ಲಗಳನ್ನೂ ತಡೆಯುತ್ತದೆ, ಬಾಗುತ್ತದೆ ಕೂಡ. ಆದರೆ ದೋಸೆ ಕಾವಲಿಗೆ ಸಿಂಪಡಿಸುವಂಥ ತೆಳು ಪದರ ಇಲ್ಲಿ ಪ್ರಯೋಜನವಿಲ್ಲ, ಅದರಲ್ಲೂ ಸಣ್ಣ ರಂಧ್ರಗಳಿರುತ್ತವೆ. ಕೊನೆಗೆ ಅವರು ಲೇಪನದ ಯೋಚನೆಯನ್ನೇ ಬಿಟ್ಟು, ದಪ್ಪ ಟೆಫ್ಲಾನಿನದೇ ತಿದಿ ತರಿಸಿದರು. ಬಾಗುವ ಕೆಲಸ ಟೆಫ್ಲಾನಿನದು. ಲೋಹ ಹೊರಗೆ ಬಳೆಗಳಾಗಿ ಬಿಗಿಹಿಡಿದು ನಿಲ್ಲುತ್ತದೆ, ಆಮ್ಲವನ್ನು ಮುಟ್ಟುವುದೇ ಇಲ್ಲ. ಅಕಸ್ಮಾತ್ ಒಡೆದರೆ ಯಾರ ಮುಖಕ್ಕೂ ಚಿಮ್ಮದಂತೆ ಸುತ್ತ ಒಂದು ಕವಚವನ್ನೂ ಕಟ್ಟಿಸಿದ್ದಾರೆ. ನನಗೆ ಸಮಾಧಾನವಾದದ್ದು ಅದನ್ನು ಕೇಳಿ.

ಅಕ್ಕಪಕ್ಕದ ಕೊಳವೆಗಳಿಗೂ ಈಗ ಟೆಫ್ಲಾನಿನ ಒಳಪದರವಿದೆ. ಅದರ ಮೂಲಕವೂ ಆಮ್ಲದ ಆವಿ ನಿಧಾನವಾಗಿ ಜಿನುಗುತ್ತದಂತೆ. ಅದು ಒಳಗೇ ಸೇರಿಕೊಳ್ಳದಿರಲೆಂದು ಹೊರಗಿನ ಉಕ್ಕಿಗೆ ಸಣ್ಣ ತೂತು ಬಿಟ್ಟಿರುತ್ತಾರೆ. ಅಲ್ಲಿ ಹನಿ ಕಂಡರೆ ಒಳಪದರ ಹೋಯಿತೆಂದೇ ಅರ್ಥ. ಹೋದ ತಿಂಗಳು ಬಣ್ಣ ಬಳಿಯುವವರು ಚೆಂದ ಕಾಣಲೆಂದು ಆ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಮಗ ಒಂದೊಂದನ್ನೂ ತಂತಿಯಿಂದ ಕೆರೆದು ಬಿಡಿಸಿ, ಮನೆಗೆ ಬಂದಾಗ ರಾತ್ರಿ ಹನ್ನೊಂದು.