ಹಲ್ಲಿನೊಳಗಿನ ಸಿಮೆಂಟು ಬಲಿಯುವ ಕಾಲ

ಶ್ರೀಮಠದ ಸದ್ಭಕ್ತರಲ್ಲಿ ಅನೇಕರು ಜಯನಗರ, ಬನಶಂಕರಿ, ಜೆ.ಪಿ. ನಗರಗಳ ದಂತವೈದ್ಯರಲ್ಲಿ ಹುಳುಕು ಹಲ್ಲನ್ನು ತುಂಬಿಸಿಕೊಂಡವರೇ. ಕುಳಿ ಆಳವಾಗಿದ್ದಾಗ ವೈದ್ಯರು ಮೊದಲ ದಿನ ಒಂದು ಬಿಳಿಯ ಸಿಮೆಂಟನ್ನು ತುಂಬಿ, ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್‌ಗಾಗಿ ಎರಡು ವಾರ ಬಿಟ್ಟು ಬರಹೇಳುವುದುಂಟು. ಇದು ಶುಲ್ಕಕ್ಕಾಗಿ ಹೂಡಿದ ಉಪಾಯವೆಂದು ಸಂಶಯಪಡುವವರಿದ್ದಾರೆ. ನೋವು ನಿಂತಿತೆಂದು ಮರಳಿ ಹೋಗದಿರುವವರೂ ಇದ್ದಾರೆ. ಆದುದರಿಂದ ಆ ಎರಡು ವಾರಗಳಲ್ಲಿ ಹಲ್ಲಿನೊಳಗೆ ನಡೆಯುವುದೇನೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ನಾವು ಸಾಮಾನ್ಯವಾಗಿ ನರವೆಂದು ಕರೆಯುವ ದಂತಮಜ್ಜೆಯ ಸಮೀಪಕ್ಕೆ ಹುಳುಕು ತಲುಪಿದಾಗ, ಅದನ್ನು ಜೀವಂತವಾಗಿ ಉಳಿಸಿಕೊಳ್ಳಲು ಮೇಲೊಂದು ರಕ್ಷಣೆ ಬೇಕು. ಹಿಂದೆ ಇದಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎಂದರೆ ಶುದ್ಧೀಕರಿಸಿದ ಸುಣ್ಣವನ್ನೇ ಬಳಸುತ್ತಿದ್ದರು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಅವರು ಎಂ.ಟಿ.ಎ. ಎಂಬ ವಸ್ತುವನ್ನು ರೂಪಿಸಿದರು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೂ ಅದಕ್ಕೂ ರಾಸಾಯನಿಕವಾಗಿ ಹತ್ತಿರದ ನಂಟು. ಅನಂತರ ಬಂದ ಬಯೋಡೆಂಟಿನ್ ಕೂಡ ಇದೇ ಕ್ಯಾಲ್ಸಿಯಂ ಸಿಲಿಕೇಟ್ ಕುಲದ್ದು. ನೀರು ಬೆರೆತಾಗ ಇವು ಸುಣ್ಣವನ್ನು ಬಿಡುತ್ತವೆ. ಅದರ ಕ್ಷಾರಗುಣವು ರೋಗಾಣುಗಳನ್ನು ಅಡಗಿಸಿ, ಮಜ್ಜೆಯು ತನ್ನ ಮೇಲೆ ತಾನೇ ಹೊಸ ಗೋಡೆಯನ್ನು ಕಟ್ಟಿಕೊಳ್ಳಲು ಪ್ರೇರೇಪಿಸುತ್ತದೆ.

ಮನೆಗೆ ತಾರಸಿ ಹಾಕಿಸಿದವರಿಗೆ ಮುಂದಿನದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಂಕ್ರೀಟು ಮರುದಿನವೇ ಗಟ್ಟಿಯಾಗಿ ಕಂಡರೂ ಮೇಸ್ತ್ರಿಯು ದಿನಗಟ್ಟಲೆ ನೀರುಣಿಸುತ್ತಾನೆ. ಅದರ ಮೇಲೆ ಭಾರ ಹೇರಗೊಡುವುದಿಲ್ಲ. ಹಾಗೆಯೇ ಎಂ.ಟಿ.ಎ. ಬಿಗಿಯಲು ಸುಮಾರು ಮೂರು ಗಂಟೆಗಳಾದರೂ ಬೇಕು. ಬಯೋಡೆಂಟಿನ್‌ಗೆ ಸುಮಾರು 12 ನಿಮಿಷ ಸಾಕು. ಆದರೆ ಬಿಗಿಯುವುದು ಬೇರೆ, ಬಲಿಯುವುದು ಬೇರೆ. ಒಳಗಿನ ಹರಳುಗಳು ಹೆಣೆದುಕೊಳ್ಳುವ ಕಾರ್ಯವು ಆಮೇಲೂ ದಿನಗಟ್ಟಲೆ ಸಾಗುತ್ತದೆ.

ಕಾಂಪೋಸಿಟ್ ಕೂರಿಸುವ ಕ್ರಮವು ಎಳೆಯ ಸಿಮೆಂಟಿಗೆ ಕಠಿನವಾದುದು. ಮೊದಲು ಫಾಸ್ಫಾರಿಕ್ ಆಮ್ಲವನ್ನು ಹಚ್ಚಿ ತೊಳೆಯುತ್ತಾರೆ, ಬಳಿಕ ಅಂಟು ಸವರಿ, ಕಾಂಪೋಸಿಟ್ ಇಟ್ಟು, ನೀಲಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಗಟ್ಟಿಯಾಗುವಾಗ ಅದು ಗಾತ್ರದಲ್ಲಿ ಶೇಕಡ 2-3ರಷ್ಟು ಕುಗ್ಗಿ, ಕೆಳಗಿನ ಪದರವನ್ನು ಎಳೆಯುತ್ತದೆ. ಸಿಮೆಂಟು ಬಲಿತಿರದಿದ್ದರೆ ಎರಡರ ನಡುವೆ ಸಂದು ಬಿಡಬಹುದು, ಇಲ್ಲವೇ ಸಿಮೆಂಟೇ ಒಳಗೆ ಸೀಳಬಹುದು. ಕಣ್ಣಿಗೆ ಕಾಣದ ಆ ಸಂದಿನಲ್ಲಿ ರೋಗಾಣುಗಳು ಇಳಿದರೆ, ಉಳಿಸಿದ ಹಲ್ಲಿಗೆ ಕಡೆಗೆ ರೂಟ್ ಕೆನಾಲ್ ಚಿಕಿತ್ಸೆಯೇ ಗತಿಯಾದೀತು. ಬಯೋಡೆಂಟಿನ್ ಮೇಲೆ ಕಾಂಪೋಸಿಟ್ ಇಡಲು ಎರಡು ವಾರ ಕಾಯುವುದು ಲೇಸೆಂಬ ಸಲಹೆ ಪ್ರಯೋಗಾಲಯದ ಪರೀಕ್ಷೆಗಳಿಂದಲೇ ಬಂದುದು.

ಹಾಗೆಂದು ಒಂದೇ ದಿನ ಮುಗಿಸುವ ವೈದ್ಯರು ತಪ್ಪು ಮಾಡಿದರೆಂದು ಭಾವಿಸಲಾಗದು. ಈ ವಿಷಯದಲ್ಲಿ ಸಂಶೋಧನೆಗಳೆಲ್ಲ ಒಂದೇ ಮಾತನ್ನಾಡುವುದಿಲ್ಲ. ನಡುವೆ ಗ್ಲಾಸ್ ಅಯಾನಮರ್ ಪದರವನ್ನಿಡುವ ಕ್ರಮವಿದೆ. ಬೆಳಕಿನಿಂದಲೇ ಗಟ್ಟಿಯಾಗುವ ಸಿಲಿಕೇಟ್ ವಸ್ತುಗಳೂ ಇವೆ. ಮತ್ತೆ ಕುಳ್ಳಿರಿಸಲು ಕಷ್ಟವಾಗುವ ಮಕ್ಕಳಿಗೆ, ದೂರದ ಊರಿನಿಂದ ಬಂದವರಿಗೆ ಇದೇ ಅನುಕೂಲ. ಆದರೆ ವೈದ್ಯರು ಕಾಯಲು ಹೇಳಿದರೆ, ನಗರದಲ್ಲೇ ಇರುವವರು ಕಾಯುವುದೇ ಮೇಲೆಂದು ನಮ್ಮ ಅಭಿಪ್ರಾಯ. ಕಾಯುವುದೆಂದರೆ ಮರೆಯುವುದಲ್ಲ: ಬಯೋಡೆಂಟಿನ್ ತಾತ್ಕಾಲಿಕವಾಗಿ ಅಗಿತವನ್ನು ತಾಳಿಕೊಂಡರೂ ತಿಂಗಳುಗಳು ಕಳೆದಂತೆ ಸವೆಯುತ್ತದೆ.

ಆ ಅವಧಿಯಲ್ಲಿ ಖಡಕ್ ರೊಟ್ಟಿ, ಚಕ್ಕುಲಿಗಳನ್ನು ಆ ಬದಿಯಲ್ಲಿ ಅಗಿಯಬಾರದು. ಲವಂಗದ ಎಣ್ಣೆಯನ್ನೂ ಹಾಕಿಕೊಳ್ಳಬಾರದು. ಅದರಲ್ಲಿರುವ ಯೂಜಿನಾಲ್ ಕಾಂಪೋಸಿಟ್ ಗಟ್ಟಿಯಾಗುವುದಕ್ಕೆ ಅಡ್ಡಿ. ತಣ್ಣನೆಯ ನೀರಿಗೆ ಕೆಲವು ದಿನ ಹಲ್ಲು ಜುಮ್ಮೆಂದರೆ ಭಯಪಡಬೇಕಾಗಿಲ್ಲ. ರಾತ್ರಿ ಎಚ್ಚರಗೊಳಿಸುವ ನೋವು, ಬಿಸಿ ತಾಗಿದ ಮೇಲೂ ನಿಲ್ಲದ ಸೆಳೆತ, ಒಸಡಿನ ಬಾವು ಕಂಡರೆ ಮಾತ್ರ ಎರಡು ವಾರವನ್ನು ಎಣಿಸದೆ ಕೂಡಲೇ ವೈದ್ಯರನ್ನು ಕಾಣಬೇಕು. ಜೆ.ಪಿ. ನಗರದ ಆರ್.ವಿ. ದಂತ ಮಹಾವಿದ್ಯಾಲಯ, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ ದಂತ ಮಹಾವಿದ್ಯಾಲಯಗಳಲ್ಲಿಯೂ ಚಿಕಿತ್ಸೆ ಪಡೆಯಬಹುದು. ಬೇರೆ ವೈದ್ಯರಲ್ಲಿಗೆ ಹೋಗುವುದಾದರೆ ಯಾವ ವಸ್ತುವನ್ನು ಯಾವ ದಿನ ತುಂಬಿದರೆಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಒಯ್ಯಿರಿ. ಎಕ್ಸ್-ರೇಯಲ್ಲಿ ಸಿಮೆಂಟು ಕಂಡೀತೇ ಹೊರತು ಅದನ್ನು ತುಂಬಿದ ದಿನ ಕಾಣದು.