ಗ್ಯಾಸ್, ಕೆಟಲ್, ಓವನ್: ನೀರು ಕಾಯಿಸೋ ರೀತಿಗೆ ಟೀ ರುಚಿ ಬದಲಾಗುತ್ತಾ? (ಪಾಡ್‌ಕಾಸ್ಟ್ ಅಕ್ಷರರೂಪ)

ಹಾಸನದಿಂದ ಕೇಳುಗರೊಬ್ಬರು ಕಳಿಸಿದ ಧ್ವನಿ ಸಂದೇಶದಿಂದ ಇವತ್ತಿನ ಮಾತು ಶುರು ಮಾಡ್ತೀನಿ. ಅವರ ಮನೆಗೆ ಹೊಸದಾಗಿ ಎಲೆಕ್ಟ್ರಿಕ್ ಕೆಟಲ್ ಬಂದಿದೆ. ಅತ್ತೆಯವರು ಮಾತ್ರ ಆ ನೀರಿನ ಟೀ ಕುಡಿಯಲ್ಲ. "ಕರೆಂಟಲ್ಲಿ ಕಾಯಿಸಿದ ನೀರಲ್ಲಿ ಸತ್ವ ಇರಲ್ಲ" ಅನ್ನೋದು ಅವರ ವಾದ. ಸೊಸೆ ಕೇಳ್ತಿರೋದು ಇಷ್ಟೇ: ನೀರು ನೀರೇ ಅಲ್ವಾ, ಇದರಲ್ಲಿ ಸತ್ವ ಎಲ್ಲಿಂದ ಬಂತು?

ನನ್ನ ಉತ್ತರ: ಅತ್ತೆಯವರ ನಾಲಿಗೆ ಸುಳ್ಳು ಹೇಳ್ತಿಲ್ಲ. ಆದರೆ ತಪ್ಪು ಕರೆಂಟಿನದ್ದಲ್ಲ.

ಬೆಂಕಿಯಲ್ಲಿ ಕಾದೆನೋ ಕಾಯಿಲ್‌ನಲ್ಲಿ ಕಾದೆನೋ ಅನ್ನೋದು ನೀರಿಗೆ ನೆನಪಿರೋದಿಲ್ಲ. ಟೀ ಪುಡಿಗೆ ಗೊತ್ತಾಗೋದು ಮೂರು ವಿಷಯ. ತನ್ನನ್ನು ಮುಟ್ಟಿದಾಗ ನೀರು ಎಷ್ಟು ಬಿಸಿ ಇತ್ತು, ಆ ಬಿಸಿ ಎಷ್ಟು ಹೊತ್ತು ಉಳೀತು, ನೀರಲ್ಲಿ ಏನೇನು ಕರಗಿತ್ತು. ಒಲೆ ಬದಲಾದಾಗ ಈ ಮೂರೂ ನಮಗೆ ಗೊತ್ತಿಲ್ಲದ ಹಾಗೆ ಬದಲಾಗುತ್ತವೆ.

ಗ್ಯಾಸ್ ಮೇಲೆ ನಾವು ಟೀ ಹೇಗೆ ಮಾಡ್ತೀವಿ ನೋಡಿ. ನೀರಿಗೆ ಪುಡಿ ಹಾಕಿ ಕುದಿಸ್ತೀವಿ, ಹಾಲು ಹಾಕಿ ಇನ್ನೊಮ್ಮೆ ಉಕ್ಕಿಸ್ತೀವಿ, ಉರಿ ಸಣ್ಣ ಮಾಡಿ ಎರಡು ನಿಮಿಷ ಬಿಡ್ತೀವಿ. ಪುಡಿ ಅಷ್ಟೂ ಹೊತ್ತು ಕುದಿಯುವ ನೀರಲ್ಲೇ ಇರುತ್ತೆ. ಕೆಟಲ್ ಹಾಗಲ್ಲ. ನೀರು ಕುದಿ ಬಂದ ತಕ್ಷಣ ಟಕ್ ಅಂತ ಆಫ್ ಆಗುತ್ತೆ. ಆ ನೀರನ್ನು ತಣ್ಣಗಿರೋ ಲೋಟಕ್ಕೆ ಸುರಿದರೆ ಅಲ್ಲೇ ಹಲವು ಡಿಗ್ರಿ ಇಳಿದುಬಿಡುತ್ತೆ. ಅದಕ್ಕೆ ಪುಡಿ, ಆಮೇಲೆ ಫ್ರಿಜ್ಜಿನ ಹಾಲು. ಕುದಿದು ಕುದಿದು ಕಡು ಬಣ್ಣ ಬಿಡಬೇಕಿದ್ದ ಪುಡಿ ಬರೀ ಬೆಚ್ಚಗಿನ ಸ್ನಾನ ಮಾಡಿ ಹೊರಗೆ ಬಂದಿದೆ. ಸಪ್ಪೆ ಆಗದೆ ಇನ್ನೇನಾಗುತ್ತೆ?

ಪರಿಹಾರ ಸುಲಭ. ಕೆಟಲ್‌ನಲ್ಲಿ ನೀರು ಕಾಯಿಸಿ, ಆ ಕುದಿನೀರನ್ನು ಪಾತ್ರೆಗೆ ಸುರಿದು, ಪುಡಿ ಹಾಕಿ, ಒಲೆ ಮೇಲೆ ಯಾವಾಗಿನಷ್ಟೇ ನಿಮಿಷ ಕುದಿಸಿ. ಅತ್ತೆಯವರಿಗೆ ಹೇಳದೇ ಕೊಟ್ಟು ನೋಡಿ. ಇಂಡಕ್ಷನ್ ಒಲೆಗೆ ಬದಲಾದ ಮನೆಗಳಲ್ಲೂ ಇದೇ ದೂರು, ಕಾರಣವೂ ಇದೇ. ನೀರು ಬೇಗ ಕಾಯುತ್ತೆ, ನಾವು ಬೇಗ ಇಳಿಸಿಬಿಡ್ತೀವಿ.

ಹಾಗಂತ ಹಾಲನ್ನೇ ಕೆಟಲ್‌ಗೆ ಸುರೀಬೇಡಿ. ಹಾಸ್ಟೆಲ್, ಪಿಜಿಗಳಲ್ಲಿ ಇದು ದಿನನಿತ್ಯದ ಕಥೆ. ಸಾಮಾನ್ಯ ಕೆಟಲ್ ಆಫ್ ಆಗೋದು ಹಬೆಯಿಂದ. ಹಬೆ ಒಂದು ದಾರಿಯಲ್ಲಿ ಹೋಗಿ ಎರಡು ಲೋಹ ಬೆಸೆದ ಸಣ್ಣ ಪಟ್ಟಿಗೆ ತಾಗುತ್ತೆ, ಪಟ್ಟಿ ಬಾಗುತ್ತೆ, ಸ್ವಿಚ್ ಬೀಳುತ್ತೆ. ಹಾಲು ತಳ ಹಿಡಿಯುತ್ತೆ, ಸಾಕಷ್ಟು ಹಬೆ ಬರೋ ಮೊದಲೇ ನೊರೆ ಎದ್ದು ಉಕ್ಕುತ್ತೆ, ಕೆಳಗಿನ ವೈರಿಂಗ್ ಕಡೆಗೂ ಇಳಿಯಬಹುದು. ಮುಚ್ಚಳ ತೆಗೆದಿಟ್ಟು ನೀರು ಕಾಯಿಸಿದರೆ ಕೆಟಲ್ ಆಫ್ ಆಗದೇ ಇರೋದಕ್ಕೂ ಇದೇ ಕಾರಣ, ಹಬೆ ಮೇಲಕ್ಕೇ ಹೋಗಿಬಿಡುತ್ತೆ.

ಇನ್ನು ಊರಿನ ಲೆಕ್ಕ. ಕುದಿಯೋದು ಅಂದರೆ 100 ಡಿಗ್ರಿ ಅಂತ ಶಾಲೆಯಲ್ಲಿ ಓದಿದ್ದೀವಿ. ಮಂಗಳೂರಲ್ಲಿ ಅದು ನಿಜ. ಎತ್ತರಕ್ಕೆ ಹೋದಂತೆ ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಕಡಿಮೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತೆ, ಊಟಿಯಲ್ಲಿ 92-93ಕ್ಕೆ, ಲೇಹ್‌ನಲ್ಲಿ 88ರ ಹತ್ತಿರ. ಯಾವ ಒಲೆ ತಂದರೂ ತೆರೆದ ಪಾತ್ರೆಯಲ್ಲಿ ಇದಕ್ಕಿಂತ ಹೆಚ್ಚು ಬಿಸಿ ಸಿಗಲ್ಲ. ನಮ್ಮ ಕುದಿಸುವ ಟೀಗೆ ಬೆಂಗಳೂರಿನ ಮೂರು ಡಿಗ್ರಿ ದೊಡ್ಡ ವಿಷಯವಲ್ಲ. ಆದರೆ ಟೀ ಬ್ಯಾಗ್ ಅದ್ದುವವರಿಗೆ ಈ ಮೂರು ಡಿಗ್ರಿಯ ಮೇಲೆ ತಣ್ಣನೆ ಕಪ್ಪಿನ ನಷ್ಟವೂ ಸೇರಿತು ಅಂದರೆ ವ್ಯತ್ಯಾಸ ಗೊತ್ತಾಗುತ್ತೆ. ಕಪ್ಪಿಗೆ ಮೊದಲು ಒಂದು ಸುತ್ತು ಬಿಸಿನೀರು ಹಾಕಿ ಚೆಲ್ಲಿ. ಗ್ರೀನ್ ಟೀಗೆ ಇದು ಉಲ್ಟಾ. ಅದಕ್ಕೆ 70-80 ಡಿಗ್ರಿ ಸಾಕು, ಕೊತಕೊತ ಕುದಿಯೋ ನೀರು ಹಾಕಿದರೆ ಬಾಯೆಲ್ಲ ಒಗರು.

ಈಗ ಮೈಕ್ರೋವೇವ್‌ಗೆ ಬರೋಣ. ಇಲ್ಲಿ ನಿಜವಾಗಿಯೂ ನೀರು ಕಾಯೋ ರೀತಿಯೇ ಬೇರೆ. ಒಲೆ ಮೇಲೆ ತಳ ಬಿಸಿಯಾಗುತ್ತೆ, ಬಿಸಿನೀರು ಮೇಲೇಳುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಪಾತ್ರೆ ತನ್ನನ್ನು ತಾನೇ ಕಲಕಿಕೊಳ್ಳುತ್ತೆ. ಓವನ್ ಒಳಗೆ ಮೇಲಿನ ನೀರೂ ನೇರವಾಗಿ ಕಾಯುತ್ತೆ. ಹಗುರಾದ ಬಿಸಿನೀರು ಮೇಲೇ ಇದ್ದುಬಿಟ್ಟರೆ ಕೆಳಗಿನದರ ಜೊತೆ ಬೆರೆಯೋಕೆ ಕಾರಣವೇ ಇಲ್ಲ. ಚೀನಾದ ಎಲೆಕ್ಟ್ರಾನಿಕ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಅಳೆದಿದ್ದರು. ಗಾಜಿನ ಲೋಟದ ಮೇಲಿನ ನೀರಿಗೂ ತಳದ ನೀರಿಗೂ ಸುಮಾರು 8 ಡಿಗ್ರಿ ಅಂತರ! ಲೋಟದ ಅಂಚಿಗೆ ತೆಳುವಾಗಿ ಬೆಳ್ಳಿ ಲೇಪಿಸಿ ಮೇಲ್ಭಾಗಕ್ಕೆ ಬೀಳುವ ಅಲೆಗಳನ್ನು ತಡೆದಾಗ ಆ ಅಂತರ ಅರ್ಧ ಡಿಗ್ರಿಗೆ ಇಳೀತು. ನಾವು ಬೆಳ್ಳಿ ಹುಡುಕೋದು ಬೇಡ. ಅರ್ಧ ಕಾದಾಗ ಹೊರತೆಗೆದು ಚಮಚದಲ್ಲಿ ಕಲಕಿ ಮತ್ತೆ ಇಟ್ಟರೆ ಸಾಕು.

ರುಚಿಗಿಂತ ಮುಖ್ಯವಾದ ಮಾತು ಇಲ್ಲಿದೆ, ದಯವಿಟ್ಟು ಗಮನ ಕೊಡಿ. ಓವನ್‌ನಲ್ಲಿ ನುಣುಪಾದ ಹೊಸ ಕಪ್ಪಿನಲ್ಲಿ ನೀರಿಟ್ಟರೆ ಅದು ಕುದಿಯುವ ಬಿಂದು ದಾಟಿದ ಮೇಲೂ ಒಂದು ಗುಳ್ಳೆ ಏಳದೆ ಸುಮ್ಮನೆ ಇರಬಹುದು. ಗುಳ್ಳೆ ಹುಟ್ಟೋಕೆ ಒಂದು ಗೀರು, ಒಂದು ಒರಟು ಜಾಗ ಬೇಕು, ಅಲ್ಲಿ ಅದಿಲ್ಲ. ನೋಡಿದರೆ ಇನ್ನೂ ಕಾದಿಲ್ಲ ಅನ್ಸುತ್ತೆ. ಕಪ್ ಎತ್ತಿದಾಗಲೋ, ಟೀ ಬ್ಯಾಗೋ ಸಕ್ಕರೆಯೋ ಬಿದ್ದಾಗಲೋ ಎಲ್ಲ ಒಂದೇ ಸಲ ಕುದಿದು ಮುಖಕ್ಕೆ ಎರಚುತ್ತೆ. ಹೀಗೆ ಸುಟ್ಟುಕೊಂಡವರ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ಸಕ್ಕರೆ ಹಾಕೋದಿದ್ದರೆ ಕಾಯಿಸೋ ಮೊದಲೇ ಹಾಕಿ, ಇಲ್ಲವೇ ಮರದ ಕಡ್ಡಿ ಇಟ್ಟು ಕಾಯಿಸಿ. ಬೇಕಾದ್ದಕ್ಕಿಂತ ಹೆಚ್ಚು ನಿಮಿಷ ಇಡಬೇಡಿ, ಆಫ್ ಆದ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಮನೆಯಲ್ಲಿ ಮಕ್ಕಳೇ ನೀರು ಬಿಸಿ ಮಾಡಿಕೊಳ್ತಾರೆ ಅಂದರೆ ಇದನ್ನು ಹೇಳಿಕೊಡಿ.

'ಒಮ್ಮೆ ಕುದಿದ ನೀರನ್ನು ಮತ್ತೆ ಕುದಿಸಬಾರದು, ಆಕ್ಸಿಜನ್ ಹೋಗಿಬಿಡುತ್ತೆ' ಅನ್ನೋ ಮಾತಿದೆಯಲ್ಲ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಮೊದಲ ಕುದಿಯಲ್ಲೇ ಕರಗಿದ ಗಾಳಿ ಬಹುಪಾಲು ಹೊರಟಿರುತ್ತೆ, ಎರಡನೇ ಸಲ ಹೋಗೋಕೆ ಉಳಿದಿರೋದೇನು? ನಿಜವಾದ ವ್ಯತ್ಯಾಸ ತರೋದು ಗಡಸು ನೀರು. ಬೋರ್‌ವೆಲ್ ನೀರಿನ ಟೀ ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಕಂದು ಪೊರೆ ಕಟ್ಟುತ್ತೆ, ಕಪ್ಪಿನ ಸುತ್ತ ಕರೆ ಹಿಡಿಯುತ್ತೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪಿರೋ ಮತ್ತು ಅವರ ಸಹೋದ್ಯೋಗಿ 1993ರಲ್ಲಿ ಈ ಪೊರೆಯನ್ನೇ ಕೂತು ಪರೀಕ್ಷಿಸಿದರು. (ಟೀ ಕುಡಿಯೋ ದೇಶದಲ್ಲಿ ಇಂಥ ಕೆಲಸಕ್ಕೂ ಜನ ಇರ್ತಾರೆ!) ನೀರಿನಲ್ಲಿನ ಕ್ಯಾಲ್ಸಿಯಂ, ಬೈಕಾರ್ಬನೇಟ್ ಮತ್ತು ಗಾಳಿ ಸೇರಿ ಟೀಯ ಅಂಶಗಳನ್ನು ಪೊರೆಯಾಗಿಸುತ್ತವೆ ಅಂತ ಗೊತ್ತಾಯ್ತು. ಎರಡು ಹನಿ ನಿಂಬೆರಸ ಬಿದ್ದರೆ ಪೊರೆ ಇಲ್ಲ. ಹಾಲಿನ ಟೀಗೆ ನಿಂಬೆ ಹಿಂಡಬೇಡಿ ಮತ್ತೆ, ಒಡೆದುಹೋಗುತ್ತೆ. ಕೆಟಲ್ ತಳದ ಬಿಳಿ ಗಾರೆಯೂ ಇದೇ ಗಡಸು ನೀರಿನ ಉಡುಗೊರೆ. ನಿಂಬೆರಸವೋ ವಿನೆಗರೋ ಹಾಕಿದ ನೀರು ಕುದಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತೆ.

ಕೊನೆಗೆ, ಗ್ಯಾಸ್ ಉಳಿಸೋಕೆ ಗೀಸರ್ ಅಥವಾ ಸೋಲಾರ್ ನಲ್ಲಿಯ ಬಿಸಿನೀರನ್ನೇ ಟೀಗೆ ಹಿಡಿಯೋವರಿದ್ದಾರೆ. ಅದನ್ನು ಬಿಡಿ. ಆ ನೀರು ಟ್ಯಾಂಕಿನಲ್ಲಿ ನಿಂತ ನೀರು. ಪೈಪು, ಬೆಸುಗೆಗಳಲ್ಲಿರುವ ಸೀಸದಂಥ ಲೋಹ ತಣ್ಣೀರಿಗಿಂತ ಬಿಸಿನೀರಿಗೆ ಹೆಚ್ಚು ಬಿಡುತ್ತೆ, ಕುದಿಸಿದರೂ ಅದು ಹೋಗಲ್ಲ. ಬಕೆಟ್‌ಗೆ ಹಾಕೋ ಹೀಟರ್ ರಾಡನ್ನು ಪಾತ್ರೆಗೆ ಇಳಿಸಿ ಟೀ ಮಾಡೋ ರೂಮುಗಳನ್ನೂ ನೋಡಿದ್ದೀನಿ. ಸ್ಟೀಲ್ ಪಾತ್ರೆ, ಒದ್ದೆ ಕೈ, ಸ್ವಿಚ್ ಆನ್. ಶಾಕ್ ಹೊಡೆಯೋಕೆ ಇನ್ನೇನು ಬೇಕು? ಸಣ್ಣ ಕೆಟಲ್ ಒಂದನ್ನು ರೂಮಿನವರೆಲ್ಲ ಸೇರಿ ತಗೊಳ್ಳಿ.

ಸೌದೆ ಒಲೆ ಟೀ ಬಗ್ಗೆ ಕೇಳಿದವರಿಗೆ: ಹೌದು, ಅದರ ರುಚಿ ಬೇರೆ. ಅದು ಹೊಗೆಯ ರುಚಿ, ಮುಚ್ಚಳ ಇಲ್ಲದ ಪಾತ್ರೆಗೆ ಇಳಿದಿರುತ್ತೆ. ಮುಚ್ಚಿಟ್ಟು ಕಾಯಿಸಿದರೆ ಅದೂ ಗ್ಯಾಸ್ ಟೀಯೇ.

ನಿಮ್ಮ ಊರಿನ ನೀರು ಟೀಗೆ ಹೇಗೆ ಹೊಂದುತ್ತೆ ಅಂತ ಧ್ವನಿ ಸಂದೇಶ ಕಳಿಸಿ. ಮುಂದಿನ ವಾರ ಸಿಗೋಣ.